ಎರಡೂವರೆ ಗಂಟೆ ಅಷ್ಟೇ ಅಮ್ಮಾ

ಅಮ್ಮನಿಗೆ ಕಾಶಿಗೆ ರೈಲಿನಲ್ಲೇ ಹೋಗಬೇಕಿತ್ತು. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ದರ್ಶನ ರೈಲು ಹೊರಟಿತಲ್ಲ, ಆ ಸುದ್ದಿಯ ಪೇಪರ್ ತುಂಡು ಇನ್ನೂ ದೇವರ ಮನೆಯ ಪಂಚಾಂಗದೊಳಗಿದೆ. ಸರ್ಕಾರದಿಂದ 5,000 ರೂಪಾಯಿ ಸಹಾಯಧನ, ಊಟ ತಿಂಡಿಯ ಚಿಂತೆಯಿಲ್ಲ, ಭಜನೆಗೆ ಬೋಗಿ ತುಂಬ ಜನ. ಇನ್ನೇನು ಬೇಕು? ಅದಕ್ಕೆ ಕಲ್ಲು ಹಾಕಿದವನು ನಾನು. (ಕಲ್ಲಿನ ವಿಷಯ ಮುಂದೆ ಬರುತ್ತೆ.)

"ಹತ್ತು ತಿಂಗಳ ಮಗು ಕಟ್ಕೊಂಡು ದಿನಗಟ್ಟಲೆ ರೈಲಲ್ಲಿ ಕೂರೋಕಾಗುತ್ತಾ? ವಿಮಾನದಲ್ಲಿ ಎರಡೂವರೆ ಗಂಟೆ ಅಷ್ಟೇ ಅಮ್ಮಾ. ಇಲ್ಲಿ ಕಾಫಿ ಕುಡಿದು ಹತ್ತಿದ್ರೆ ಅಲ್ಲಿ ಊಟಕ್ಕೆ ಇಳೀತೀವಿ."

ಈ ಮಾತನ್ನು ಹೆಂಡತಿ ಆಮೇಲೆ ಎಷ್ಟು ಸಲ ನನಗೇ ವಾಪಸ್ ಕೊಟ್ಟಳು ಅನ್ನೋದನ್ನ ಲೆಕ್ಕ ಇಟ್ಟಿಲ್ಲ.

ಎರಡು ವರ್ಷದೊಳಗಿನ ಮಗುವಿಗೆ ವಿಮಾನದಲ್ಲಿ ಬೇರೆ ಸೀಟು ಕೊಡಲ್ಲ, ಅಪ್ಪ ಅಮ್ಮನ ಮಡಿಲೇ ಸೀಟು. ಹಾಗಂತ ದುಡ್ಡು ಬಿಡೋದಿಲ್ಲ. ನಮ್ಮ ಟಿಕೆಟ್‌ನಲ್ಲಿ ದೊಡ್ಡವರಿಗೆ ತಲೆಗೆ ಹದಿನೈದು ಕಿಲೋ, ಕೈಚೀಲಕ್ಕೆ ಏಳು. ಪುಟ್ಟಿ ತೂಗೋದು ಎಂಟು ಕಿಲೋ. ಅವಳ ಸಾಮಾನು ತೂಗಿದ್ದು ಇಪ್ಪತ್ತಮೂರು. ಹೆಂಡತಿಯ ಪಾಲಿನದು ಡೈಪರ್, ವೈಪ್ಸ್, ಎರಡು ಥರ್ಮಾಸ್, ಜ್ವರದ ಸಿರಪ್ಪು, ಜ್ವರ ಇದೆಯೋ ಇಲ್ಲವೋ ನೋಡೋ ಯಂತ್ರ. ಅಮ್ಮನದು ರಾಗಿ ಸರಿ ಹಿಟ್ಟು, ಬಜೆ ಬೇರು, ಕಾಡಿಗೆ ಡಬ್ಬಿ, ಹಳೇ ವಾಯಿಲ್ ಸೀರೆ ಹರಿದು ಮಡಿಸಿಟ್ಟ ಹದಿನಾರು ಬಟ್ಟೆ, ಕೊನೆಗೆ ಕೆಂಪು ರವಿಕೆ ಕಣದಲ್ಲಿ ಸುತ್ತಿದ ಒಂದು ಸಾಣೆಕಲ್ಲು.

"ಅಮ್ಮಾ, ಕಾಶಿಯಲ್ಲಿ ಕಲ್ಲಿಗೆ ಬರವಾ?"

"ಬಜೆ ತೇಯೋಕೆ ಕಂಡೋರ ಕಲ್ಲು ಆಗಲ್ಲ ಕಣೋ. ಇದು ನಮ್ಮತ್ತೆ ಕೊಟ್ಟಿದ್ದು. ನೀನು ಇದರಲ್ಲಿ ತೇಯ್ದ ಬಜೆ ನೆಕ್ಕಿನೇ ಮಾತು ಕಲ್ತಿದ್ದು."

"ಸ್ವಲ್ಪ ಜಾಸ್ತಿನೇ ನೆಕ್ಕಿಸಿಬಿಟ್ರಿ ಅತ್ತೆ" ಅಂದಳು ಹೆಂಡತಿ. ಮಕ್ಕಳ ಡಾಕ್ಟರು ಬಜೆ ಗಿಜೆ ಬೇಡ ಅಂದಿದ್ದನ್ನೂ ಸೇರಿಸಿದಳು. ಡಾಕ್ಟರೂ ಬಜೆ ನೆಕ್ಕಿಯೇ ಡಾಕ್ಟರಾಗಿರೋದು ಅಂತ ಅಮ್ಮ ಆ ಚರ್ಚೆ ಮುಗಿಸಿದಳು.

ಇನ್ನೊಂದು ತೊಡಕಿತ್ತು. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ, ವಿಮಾನ ಒಂಬತ್ತು ಐವತ್ತಕ್ಕೆ. ಮನೆಯಿಂದ ಹೊರಡೋದೇ ಲೆಕ್ಕ, ವಿಮಾನ ಯಾವಾಗ ಹಾರುತ್ತೆ ಅನ್ನೋದು ಪೈಲಟ್‌ನ ಜಾತಕಕ್ಕೆ ಬಿಟ್ಟಿದ್ದು ಅಂತ ನಾನು ವಾದ ಮಾಡಿದೆ. ಅಮ್ಮ ಒಪ್ಪಲಿಲ್ಲ, ಸುಮ್ಮನಾದಳು. ಅವೆರಡೂ ಬೇರೆ ಬೇರೆ.

ಬೆಳಗ್ಗೆ ಐದೂಕಾಲಿಗೆ ವಿಜಯನಗರ ಬಿಟ್ಟೆವು. ವಿಮಾನದಲ್ಲಿ ಮಲಗಲಿ ಅಂತ ಹಿಂದಿನ ರಾತ್ರಿ ಪುಟ್ಟಿಯನ್ನು ಹನ್ನೊಂದರ ತನಕ ಆಡಿಸಿ ಎಚ್ಚರ ಇಟ್ಟಿದ್ದೆವು, ಅದೂ ನನ್ನದೇ ಯೋಜನೆ. ಅವಳು ಟ್ಯಾಕ್ಸಿ ಹತ್ತಿದ ಕೂಡಲೇ ನಿದ್ದೆಹೋದಳು. ಹೆಬ್ಬಾಳ ಫ್ಲೈಓವರ್, ಸಾದಹಳ್ಳಿ ಟೋಲ್, ಎಲ್ಲೂ ಕದಲಲಿಲ್ಲ. ನಿಲ್ದಾಣದ ಮುಂದೆ ಇಳಿಸುವಾಗ, ಹೋಟೆಲಿನಲ್ಲಿ ಫುಲ್ ಮೀಲ್ಸ್ ಮುಗಿಸಿ ಕೈ ತೊಳೆದವರ ಹಾಗೆ, ಪೂರ್ತಿ ಎಚ್ಚರವಾಗಿ ನಕ್ಕಳು. ನಿದ್ದೆಯ ಖಾತೆ ಅಲ್ಲಿಗೆ ಚುಕ್ತಾ.

ಎರಡನೇ ಟರ್ಮಿನಲ್ಲಿನ ಒಳಗೆ ಹೋದರೆ ಚಾವಣಿ ತುಂಬ ಬಿದಿರು. ಅಮ್ಮ ಕತ್ತೆತ್ತಿ ನಿಂತುಬಿಟ್ಟಳು. ಖುಷಿಯಾಯಿತೇನೋ ಅಂದುಕೊಂಡೆ. "ಇಷ್ಟು ಬಿದಿರಲ್ಲಿ ಎಷ್ಟು ಮೊರ ಆಗ್ತಿತ್ತೋ! ಗೌರಿ ಹಬ್ಬಕ್ಕೆ ಜೊತೆ ಮೊರಕ್ಕೆ ಏನು ರೇಟು ಹೇಳ್ತಾರೆ ಗೊತ್ತಾ?"

ಕೌಂಟರಿನ ಹುಡುಗಿ ಮಗುವಿನ ವಯಸ್ಸಿನ ದಾಖಲೆ ಕೇಳಿದಳು. ಜನನ ಪ್ರಮಾಣಪತ್ರದ ಫೋಟೋ ನನ್ನ ಫೋನಿನಲ್ಲಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಹತ್ತು ತಿಂಗಳಲ್ಲಿ ತೆಗೆದ ಎರಡು ಸಾವಿರಕ್ಕೂ ಹೆಚ್ಚು ಫೋಟೋಗಳ ನಡುವೆ ಇದೆ. ತಳ್ಳುತ್ತಾ ಹೋದೆ. ಪುಟ್ಟಿ ನಗುತ್ತಿರೋದು, ಪುಟ್ಟಿ ನಗೋದಕ್ಕೆ ಮುಂಚಿನದು, ಪುಟ್ಟಿ ಅಲುಗಾಡಿ ಮಸುಕಾದದ್ದು, ಅದೇ ಮಸುಕಿನ ಇನ್ನೂ ಒಂಬತ್ತು. ಹಿಂದೆ ನಿಂತಿದ್ದವರೂ ಇಣುಕಿ ನೋಡತೊಡಗಿದರು. "ಇದು ನಾಮಕರಣದ್ದಾ?" ಅಂತ ಒಬ್ಬರು ವಿಚಾರಿಸಿದರು. ಕೊನೆಗೆ ಹೆಂಡತಿ ಬ್ಯಾಗಿನಿಂದ ಅಸಲು ಪತ್ರವನ್ನೇ ತೆಗೆದು ಕೌಂಟರಿನ ಮೇಲಿಟ್ಟಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

ಮುಂದಿನದು ತೂಕ. ಕೈಚೀಲ ಎಂಟೂವರೆ ಕಿಲೋ ತೋರಿಸಿತು. ಸಾಣೆಕಲ್ಲು ತಳದಲ್ಲಿತ್ತು, ಡೈಪರ್ ಕಟ್ಟು, ರಾಗಿ ಹಿಟ್ಟಿನ ಎರಡನೇ ಡಬ್ಬಿ, ಒಂದು ಥರ್ಮಾಸ್ ಮೇಲಿದ್ದವು. ಹಿಂದೆ ಸಾಲು ಬೆಳೆಯುತ್ತಿತ್ತು. ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದು ದೊಡ್ಡ ಸೂಟ್‌ಕೇಸಿಗೆ ತುರುಕಿ ಬೆಲ್ಟಿನ ಮೇಲೆ ಕಳಿಸಿಬಿಟ್ಟೆ. ಡೈಪರ್ ಹೋಯಿತು, ಕಲ್ಲು ಉಳಿಯಿತು. ಆ ಹೊತ್ತಿಗೆ ಅದು ಚುರುಕುತನದ ಕೆಲಸದ ಹಾಗೇ ಕಂಡಿತ್ತು.

ಭದ್ರತಾ ತಪಾಸಣೆಯಲ್ಲಿ ಮೊದಲು ಕೂಗಿದ್ದು ಪುಟ್ಟಿಯ ಸೊಂಟ. ಬೆಳ್ಳಿ ಉಡಿದಾರದ ಹತ್ತಿರ ಯಂತ್ರ ತಂದಾಗಲೆಲ್ಲ ಕುಂಯ್ ಅನ್ನುತ್ತಿತ್ತು. ಕುಂಯ್ ಅಂದಾಗಲೆಲ್ಲ ಪುಟ್ಟಿ ಕೇಕೆ. ನಾಲ್ಕನೇ ಸಲಕ್ಕೆ ಆ ಯಂತ್ರವನ್ನೇ ಹಿಡಿದು ಬಾಯಿಗೆ ಹಾಕಿಕೊಂಡಳು. ಸಿಐಎಸ್‌ಎಫ್‌ನ ಆ ಹೆಣ್ಣುಮಗಳು ಅದನ್ನು ಬಿಡಿಸಿಕೊಳ್ಳಲು ತನ್ನ ಸಹೋದ್ಯೋಗಿಯನ್ನು ಕರೆಯಬೇಕಾಯಿತು.

ಅಷ್ಟರಲ್ಲಿ ನಮ್ಮ ಕೈಚೀಲ ಬೇರೆ ಸಾಲಿಗೆ ಸರಿದಿತ್ತು. ಒಳಗಿಂದ ಒಂದೊಂದೇ ಹೊರಬಂತು. ಕಂದು ಪುಡಿಯನ್ನು ಮೂಸಿ ನೋಡಿ "ಯೇ ಕ್ಯಾ ಹೈ?" ಅಂದರು ಇನ್ನೊಬ್ಬರು. ರಾಗಿಗೆ ಹಿಂದಿಯಲ್ಲಿ ಏನಂತಾರೆ? ಹೊಳೆಯಲಿಲ್ಲ. "ಬಚ್ಚೇ ಕಾ ಖಾನಾ" ಅಂದೆ. ಮಗುವಿನ ಆಹಾರಕ್ಕೆ ವಿನಾಯಿತಿ ಇರುವುದರಿಂದ ಹಾಲು, ಬಿಸಿನೀರಿಗೂ ತಕರಾರು ಬರಲಿಲ್ಲ. ಆಮೇಲೆ ಬಜೆ ಬೇರು ಕೈಗೆತ್ತಿಕೊಂಡು, ಮೂಸಿ, ಮುಖ ಅರಳಿಸಿ ಕೇಳಿದರು: "ಬಚ್ ಹೈ?"

ಧಾರಾವಾಹಿ ನೋಡಿ ಹಿಂದಿ ಕಲಿತ ಅಮ್ಮ ಮುಂದೆ ಬಂದಳು. "ಹಾಂ ಹಾಂ, ಬಚ್ಚಾ ಹೈ. ದಸ್ ಮಹೀನಾ. ಲಡ್ಕೀ."

ಅವರು ಬೇರು ತೋರಿಸಿ ಮತ್ತೆ "ಬಚ್?" ಅಂದರು. ಅಮ್ಮ ಪುಟ್ಟಿಯನ್ನು ಎತ್ತಿ ಮುಂದೆ ಹಿಡಿದು "ಬಚ್ಚಾ!" ಅಂದಳು. ಹಿಂದಿಯಲ್ಲಿ ಬಜೆಗೆ ಬಚ್ ಅನ್ನುತ್ತಾರೆ, ಆ ಕಡೆಯ ಅಜ್ಜಿಯರೂ ಅದನ್ನೇ ತೇಯುತ್ತಾರೆ ಅಂತ ನನಗೆ ಗೊತ್ತಾಗುವ ಹೊತ್ತಿಗೆ ಇಬ್ಬರೂ ಪರಸ್ಪರ ಅರ್ಥವಾಯಿತೆಂದು ತಲೆಯಾಡಿಸಿ ನಗುತ್ತಿದ್ದರು. ಆ ಸ್ನೇಹ ಕೆಂಪು ಕಣ ಬಿಚ್ಚುವ ತನಕ ಮಾತ್ರ ಉಳಿಯಿತು.

"ಪತ್ಥರ್?"

"ಪತ್ಥರ್" ಅಂತ ಒಪ್ಪಿಕೊಂಡೆ.

ಕಲ್ಲು ಒಳಗೆ ಬರುವ ಹಾಗಿಲ್ಲ. ಬಿಡಿ, ಇಲ್ಲವೇ ವಾಪಸ್ ಹೋಗಿ ಲಗೇಜಿಗೆ ಹಾಕಿ. ನಮ್ಮತ್ತೆ ಕೊಟ್ಟ ಕಲ್ಲು ಅಂತ ಅಮ್ಮ ಕಣ್ಣಲ್ಲಿ ನೀರು ತುಂಬಿಕೊಂಡಳು. ಅದೇ ಅತ್ತೆಯ ಬಗ್ಗೆ ಮೂವತ್ತು ವರ್ಷ ಅವಳ ಬಾಯಲ್ಲಿ ನಾನು ಕೇಳಿದ್ದೇ ಬೇರೆ, ಅದು ಈಗ ಬೇಡ. ಕಂಕುಳಲ್ಲಿ ಕಲ್ಲು ಹಿಡಿದುಕೊಂಡು ಕೌಂಟರಿಗೆ ಓಡಿದೆ. ಆ ಹುಡುಗಿ ಟ್ರೇಯಲ್ಲಿಟ್ಟು ಟ್ಯಾಗ್ ಕಟ್ಟಿ, "ಫ್ರಜೈಲ್ ಸ್ಟಿಕರ್ ಹಾಕ್ಲಾ ಸಾರ್?" ಅಂದಳು.

"ಇದಕ್ಕಲ್ಲಮ್ಮಾ, ಇದರ ಪಕ್ಕ ಇರೋದಕ್ಕೆ ಹಾಕು."

ವಿಮಾನ ಐವತ್ತು ನಿಮಿಷ ತಡ ಅಂತ ಗೇಟಿನಲ್ಲಿ ಹೇಳಿದಾಗ ಎಲ್ಲರೂ ಗೊಣಗಿದರು. ಅಮ್ಮ ಒಬ್ಬಳೇ ಮೇಲೆ ನೋಡಿ ಕೈಮುಗಿದಳು. ಹತ್ತು ನಲವತ್ತು. ರಾಹುಕಾಲ ಕಳೆದಿತ್ತು.

ಒಳಗೆ ನಾವು ಮೂವರೂ ಒಂದೇ ಸಾಲು. ಪುಟ್ಟಿಗೊಂದು ಪುಟ್ಟ ಬೆಲ್ಟು ಕೊಟ್ಟು ನನ್ನ ಬೆಲ್ಟಿಗೆ ಪೋಣಿಸಿದರು. ಉಸಿರಿನ ಮಾಸ್ಕನ್ನು ಮೊದಲು ನೀವು ಹಾಕಿಕೊಂಡು ಆಮೇಲೆ ಮಗುವಿಗೆ ಹಾಕಿ ಅಂದದ್ದಕ್ಕೆ "ಯಾವ ತಾಯಿ ಹಾಗೆ ಮಾಡ್ತಾಳೆ?" ಅಂತ ಅಮ್ಮ ಗಗನಸಖಿಯನ್ನೇ ಕೇಳಿದಳು.

ಮುಂದಿನ ಸೀಟಿನಲ್ಲಿ ಕೆನೆಬಣ್ಣದ ಜುಬ್ಬಾದ ಹಿರಿಯರು, ಉತ್ತರದವರು. ಸೀಟಿನ ಮೇಲಿಂದ ಅವರ ಬೋಳುತಲೆ ಹುಣ್ಣಿಮೆ ಚಂದ್ರನ ಹಾಗೆ ಎದ್ದಿತ್ತು. ಪುಟ್ಟಿ ನನ್ನ ತೊಡೆಯ ಮೇಲೆ ನಿಂತು ಅದನ್ನು ಕಂಡಳು. ನಾನು ತಡೆಯುವ ಮೊದಲೇ ಎರಡು ಕೈಯಲ್ಲೂ ತಬಲ ಬಾರಿಸಿದಳು. ಅವರು ತಿರುಗಲಿಲ್ಲ. "ಸಾರಿ ಅಂಕಲ್" ಅಂದೆ. ಆಗಲೂ ತಿರುಗಲಿಲ್ಲ. ಹೆಂಡತಿ ರಾಗಿ ಸರಿ ಕಲಸಿ ಎರಡು ಚಮಚ ತಿನ್ನಿಸಿದಳು, ಮೂರನೆಯದು ಬಾಯಲ್ಲಿರುವಾಗ ಪುಟ್ಟಿಗೆ ಸೀನು ಬಂತು. ಚಂದ್ರನಿಗೆ ರಾಗಿ ಸರಿಯ ಅಭಿಷೇಕವಾಯಿತು. ಅವರು ಕರವಸ್ತ್ರ ತೆಗೆದರು, ನಿಧಾನಕ್ಕೆ ಒರೆಸಿಕೊಂಡರು, ಮಡಿಸಿ ಜೇಬಿಗಿಟ್ಟರು. ಬೈದಿದ್ದರೆ ಕ್ಷಮೆ ಕೇಳಬಹುದಿತ್ತು. ಸುಮ್ಮನಿರುವವರ ಹತ್ತಿರ ಏನು ಮಾಡೋದು?

ಅರ್ಧ ದಾರಿಯಲ್ಲಿ ವಾಸನೆ ಬಂತು. ಕೈಚೀಲದಲ್ಲಿ ಡೈಪರಿಲ್ಲ. ಹೆಂಡತಿ ನನ್ನ ಮುಖ ನೋಡಿದಳು. ನಾನು ಕೆಳಗಡೆ, ಅಂದರೆ ಸೂಟ್‌ಕೇಸುಗಳಿರುವ ಕಡೆ ನೋಡಿದೆ. ಅಮ್ಮ ಏನೂ ಹೇಳದೆ ತನ್ನ ವ್ಯಾನಿಟಿ ಬ್ಯಾಗಿನಿಂದ ವಾಯಿಲ್ ಬಟ್ಟೆಯ ಎರಡು ಮಡಿಕೆ ತೆಗೆದು ಕೊಟ್ಟಳು. ವಿಮಾನದ ಟಾಯ್ಲೆಟ್ಟಿನಲ್ಲಿ ಕಮೋಡಿನ ಮೇಲೆ ಗೋಡೆಯಿಂದ ಒಂದು ಹಲಗೆ ಇಳಿಯುತ್ತೆ, ಮಗುವನ್ನು ಮಲಗಿಸೋಕೆ. ಹಲಗೆ ಇಳಿಸಿದರೆ ನಿಲ್ಲೋಕೆ ಜಾಗವಿಲ್ಲ, ನಿಂತರೆ ಬಾಗೋಕಾಗಲ್ಲ, ಬಾಗಿದರೆ ಹಿಂಭಾಗ ಬಾಗಿಲಿಗೆ ತಾಗಿ ಅದು ತೆರೆದುಕೊಳ್ಳುತ್ತೆ. ನನಗೆ ತೆರೆದುಕೊಂಡಿತು. ಹೊರಗೆ ಕಾಯುತ್ತಿದ್ದ ಯುವಕ ನನ್ನ ಹಿಂಭಾಗಕ್ಕೆ "ಟೇಕ್ ಯುವರ್ ಟೈಮ್ ಸರ್" ಅಂದು ಬಾಗಿಲನ್ನು ತಾನೇ ಹಿಡಿದುಕೊಂಡ. ಅಮ್ಮನ ಸೀರೆಯ ನೀಲಿ ಹೂಗಳ ಲಂಗೋಟಿಯಲ್ಲಿ ಪುಟ್ಟಿ ಮೆರವಣಿಗೆಯಲ್ಲಿ ಸೀಟಿಗೆ ಬಂದಳು, ಬಂದವಳೇ ನಿದ್ದೆಹೋದಳು.

ಹತ್ತು ನಿಮಿಷಕ್ಕೆ ವಿಮಾನ ಇಳಿಯತೊಡಗಿತು. ಹಿಂದಿನ ಸೀಟಿನಿಂದ ಹುಬ್ಬಳ್ಳಿ ಕಡೆಯ ಅವ್ವ ಒಬ್ಬರು, "ಯವ್ವಾ, ಕೂಸನ್ನ ಎಬ್ಬಸ್ರಿ, ಹಾಲು ಕುಡಸ್ರಿ, ಇಲ್ಲಂದ್ರ ಕಿವಿ ಹಿಡೀತೈತಿ" ಅಂದರು. ಅವರು ಹೇಳಿದ್ದು ಸರಿಯೇ. ವಿಮಾನ ಎಷ್ಟೇ ಮೇಲೆ ಹಾರಲಿ, ಒಳಗಿನ ಗಾಳಿಯ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಬೆಟ್ಟದ ಮೇಲಿರುವಷ್ಟಕ್ಕೆ ಇಟ್ಟಿರುತ್ತಾರೆ. ಅಂದರೆ ಮುಳ್ಳಯ್ಯನಗಿರಿ ತುದಿ ಅಂದುಕೊಳ್ಳಿ. ಬೆಂಗಳೂರೇ ಮೂರು ಸಾವಿರ ಅಡಿ ಎತ್ತರದಲ್ಲಿರೋದರಿಂದ ಹತ್ತುವಾಗ ಕಿವಿಗೆ ಅಷ್ಟು ಕಷ್ಟವಿಲ್ಲ. ಇಳಿಯೋದು ಮಾತ್ರ ಮುಳ್ಳಯ್ಯನಗಿರಿಯಿಂದ ನೇರ ಗಂಗೆಯ ಬಯಲಿಗೆ. ನುಂಗಿದರೆ ಕಿವಿಯೊಳಗಿನ ನಾಳ ತೆರೆದು ಒತ್ತಡ ಸರಿಹೋಗುತ್ತೆ, ನಿದ್ದೆಯಲ್ಲಿರೋ ಮಗು ನುಂಗೋದು ಕಡಿಮೆ. ಇಷ್ಟೆಲ್ಲ ಗೊತ್ತಿದ್ದೂ, ಆರು ಗಂಟೆ ಕಾದು ಪಡೆದ ನಿದ್ದೆಯನ್ನು ಕೆಡಿಸೋ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಕಿವಿ ಹಿಡಿಯಿತು. ಆ ಕೂಗನ್ನು ವರ್ಣಿಸಲಾರೆ. ಪಕ್ಕದ ಸಾಲಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದವರೊಬ್ಬರು ಹೆಡ್‌ಫೋನ್ ಒತ್ತಿಕೊಂಡರು, ಅದು ಸಾಲದೆ ಕೈಯನ್ನೂ ಒತ್ತಿಕೊಂಡರು. ಹೆಂಡತಿ ಹಾಲು ಕೊಟ್ಟಳು, ಪುಟ್ಟಿ ಮುಖ ತಿರುಗಿಸಿದಳು. ನಾನು ಆನೆ, ಬೆಕ್ಕು, ಆಟೋ ಎಲ್ಲವೂ ಆದೆ. ಅಮ್ಮ ಕಿವಿಯ ಹತ್ತಿರ ಬಾಗಿ ಏನೋ ಗುನುಗುತ್ತಾ ಬೆರಳನ್ನು ಬಾಯಿಗೆ ಕೊಟ್ಟಳು. ಪುಟ್ಟಿ ಚೀಪಿದಳು, ನುಂಗಿದಳು, ಬಿಕ್ಕಿದಳು, ಮತ್ತೆ ಚೀಪಿದಳು. ಚಕ್ರ ನೆಲ ಮುಟ್ಟಿದಾಗ ಗಂಟೆ ಒಂದೂಕಾಲು. ಮನೆ ಬಿಟ್ಟು ಎಂಟು ಗಂಟೆ. "ಎರಡೂವರೆ ಗಂಟೆ ಅಷ್ಟೇ ಅಮ್ಮಾ" ಅಂದಳು ಹೆಂಡತಿ ಕಿಟಕಿಯ ಕಡೆ ನೋಡುತ್ತಾ. ಅದು ಮೊದಲನೇ ಸಲ.

ಬಾಬತ್‌ಪುರದ ನಿಲ್ದಾಣದಲ್ಲಿ ಲಗೇಜಿನ ಬೆಲ್ಟು ತಿರುಗತೊಡಗಿತು. ನಮ್ಮ ಸೂಟ್‌ಕೇಸುಗಳು ಬಂದವು. ಡೈಪರ್ ಕಟ್ಟನ್ನು ಕಣ್ಣಾರೆ ಕಂಡು ಎದೆಗೊತ್ತಿಕೊಂಡೆ. ಬೆಲ್ಟು ಖಾಲಿಯಾಗುತ್ತಾ ಬಂತು, ಜುಬ್ಬಾದ ಹಿರಿಯರು ಇನ್ನೂ ತಮ್ಮ ಚೀಲಕ್ಕೆ ಕಾಯುತ್ತಿದ್ದರು. ನಾನು ಅವರ ಕಣ್ಣು ತಪ್ಪಿಸಿ ಕಂಬದ ಹಿಂದೆ ನಿಂತೆ.

ಆಗ ರಬ್ಬರ್ ಪರದೆ ಸರಿಸಿಕೊಂಡು ಒಂದು ಟ್ರೇ ಹೊರಬಂತು. ಕೆಂಪು ಕಣ ಅರ್ಧ ಬಿಚ್ಚಿತ್ತು. ಒಳಗೆ ಕಪ್ಪು ಕಲ್ಲು, ಅದರ ಮೇಲೆ ಒಣಗಿದ ಗಂಧ, ಹೊರಡುವಾಗ ಅಮ್ಮ ಇಟ್ಟಿದ್ದ ಅರಿಶಿನ ಕುಂಕುಮ. ಒಂದೇ ಒಂದು ಟ್ರೇ, ಸುತ್ತ ಬೇರೇನೂ ಇಲ್ಲ, ನಿಧಾನಕ್ಕೆ ಬಂತು.

ಹಿರಿಯರು ಚಪ್ಪಲಿ ಬಿಟ್ಟರು. ಎರಡು ಹೆಜ್ಜೆ ಮುಂದೆ ಬಂದು, ಆ ಬೋಳುತಲೆ ಬಗ್ಗಿಸಿ, "ಹರ ಹರ ಮಹಾದೇವ್" ಅಂದರು. ಪಕ್ಕದವರೂ ಅಂದರು. ಹುಬ್ಬಳ್ಳಿಯ ಅವ್ವ ಸೆರಗು ಹೊದ್ದರು.

ನಾನು ಕಲ್ಲೆತ್ತಿಕೊಳ್ಳಲು ಕೈಚಾಚಿದೆ. ಅಮ್ಮ ರಟ್ಟೆ ಹಿಡಿದು ಹಿಂದಕ್ಕೆಳೆದಳು.

"ತಡಿಯೋ, ಕೈಮುಗೀತಿದಾರೆ."

ಸಾಣೆಕಲ್ಲು ಇನ್ನೊಂದು ಸುತ್ತು ಹೊರಟಿತು.