38 ಕಿಲೋಮೀಟರ್ ಜಗಲಿ

ಓದಲು ಅಂತ ಇಟಲಿಯ ಬೊಲೊನ್ಯಾಕ್ಕೆ ಬಂದಿಳಿದ ದಿನ ಮಳೆ. ಸಾಗರದವಳಿಗೆ ಮಳೆ ಏನು ಹೊಸದು? ಬ್ಯಾಗಿನಿಂದ ಕೊಡೆ ತೆಗೆದು, ಬಿಡಿಸಿಕೊಂಡು ಹೊರಟೆ. ಸ್ವಲ್ಪ ದೂರ ಹೋದ ಮೇಲೆ ಗೊತ್ತಾಯಿತು, ಆ ಬೀದಿಯಲ್ಲಿ ಕೊಡೆ ಹಿಡಿದವಳು ನಾನೊಬ್ಬಳೇ. ಉಳಿದವರೆಲ್ಲ ಆರಾಮಾಗಿ ಕೈಬೀಸಿಕೊಂಡು ಹೋಗುತ್ತಿದ್ದಾರೆ. ತಲೆಯೆತ್ತಿ ನೋಡಿದರೆ ಕಮಾನಿನ ಚಾವಣಿ. ಅಂಗಡಿ, ಮನೆ, ಬ್ಯಾಂಕು, ಎಲ್ಲದರ ಮುಂದೆಯೂ ಒಂದಕ್ಕೊಂದು ಅಂಟಿಕೊಂಡು ಜಗಲಿ!

ಇಟಲಿಯವರು ಅದನ್ನು ಪೋರ್ತಿಕೊ ಅನ್ನುತ್ತಾರೆ. ನಾನು ಎರಡು ವರ್ಷವೂ ಜಗಲಿ ಅಂತಲೇ ಕರೆದೆ. ಹಳೇ ಊರಿನೊಳಗೇ ಸುಮಾರು 38 ಕಿಲೋಮೀಟರ್ ಇದೆ. ಇಲ್ಲಿನ ವಿಶ್ವವಿದ್ಯಾಲಯ 1088ರದ್ದು ಅಂತ ಲೆಕ್ಕ. ಊರಿನ ಜನವೂ ಹೆಚ್ಚಾಗಿ, ಓದಲು ಬಂದ ಹುಡುಗರೂ ತುಂಬಿಕೊಂಡಾಗ ಮನೆಯವರು ಮಹಡಿಯನ್ನು ಬೀದಿಯ ಮೇಲೆ ಚಾಚಿ, ಅಡಿಗೆ ಕಂಬ ಕೊಟ್ಟರಂತೆ. 1288ರಲ್ಲಿ ಹೊಸ ಮನೆ ಕಟ್ಟುವವರೆಲ್ಲ ಜಗಲಿ ಬಿಡಲೇಬೇಕು ಅಂತ ಕಾನೂನೇ ಬಂತು. ಕುದುರೆ ಮೇಲೆ ಕೂತವನ ತಲೆ ತಾಗದಷ್ಟು ಎತ್ತರ ಇರಬೇಕು. ಜಾಗ ಮನೆಯವರದ್ದು, ಓಡಾಡುವ ಹಕ್ಕು ಊರಿನದ್ದು. ನಮ್ಮಜ್ಜನ ಮನೆ ಜಗಲಿಯೂ ಹಾಗೇ ಇತ್ತು. ಬಸ್ಸು ತಪ್ಪಿದವರು, ಅಡಿಕೆ ವ್ಯಾಪಾರಕ್ಕೆ ಬಂದವರು ಕೂತು, ಕವಳ ಹಾಕಿ, ನೀರು ಕುಡಿದು ಹೋಗುತ್ತಿದ್ದರು. ಜಗಲಿ ಇಷ್ಟಿದ್ದರೂ ನನಗೆ ಬಾಡಿಗೆ ರೂಮು ಸಿಗಲು ಒಂದೂವರೆ ತಿಂಗಳು ಹಿಡಿಯಿತು, ಅದು ಬೇರೆ ಮಾತು.

ಮೊದಲ ವಾರವೇ ಮನೆಯಲ್ಲಿ ಒಂದು ಗಲಾಟೆ ಆಯಿತು. ಬೆಳಿಗ್ಗೆ ಎಂಟಕ್ಕೆ ಅಮ್ಮ ಫೋನ್ ಮಾಡಿದಳು. "ಎಲ್ಲಿದ್ದೀಯೇ?" "ಬಾರಲ್ಲಿ ಅಮ್ಮ." ಆ ಕಡೆ ಸದ್ದಿಲ್ಲ. ಇಲ್ಲಿ ಕಾಫಿ ಅಂಗಡಿಗೇ ಬಾರ್ ಅನ್ನುತ್ತಾರೆ ಅಂತ ವಿವರಿಸುವಷ್ಟರಲ್ಲಿ ಫೋನು ಅಪ್ಪನ ಕೈಗೆ ಹೋಗಿತ್ತು. ನಿಜವಾಗಿ ಅದು ನಮ್ಮ ದರ್ಶಿನಿಯೇ. ಕೌಂಟರಿಗೆ ಮೊಣಕೈ ಊರಿ, ನಿಂತೇ ಕುಡಿದು ಹೋಗುವುದು. ಕೂತರೆ ಎಷ್ಟೋ ಕಡೆ ಜಾಸ್ತಿ ದುಡ್ಡು. ಕಾಫಿ ಮಾತ್ರ ಎರಡು ಗುಟುಕು. ನಮ್ಮಲ್ಲಿ ಡಿಕಾಕ್ಷನ್ ಇಳಿದಿದೆಯಾ ಅಂತ ನೋಡಲು ಬಗ್ಗಿಸಿಕೊಳ್ಳುವಷ್ಟು. ಹಾಲು ಬೇಕು ಅಂತ ಒಮ್ಮೆ ಊಟ ಆದ ಮೇಲೆ ಕಪುಚಿನೊ ಕೇಳಿದೆ. ಮೈ ಹುಷಾರಿಲ್ಲವಾ ಅನ್ನುವ ಹಾಗೆ ನೋಡಿದ ಆ ಹುಡುಗ. ಅದು ಬೆಳಗಿನದ್ದು, ಮಧ್ಯಾಹ್ನ ಯಾರೂ ಮುಟ್ಟುವುದಿಲ್ಲ.

ಈ ಊರಿಗೆ 'ದಪ್ಪಗಿರುವವಳು' ಅಂತ ಅಡ್ಡಹೆಸರು. ತಿಂದು ತಿಂದು! ಆದರೆ ಸಸ್ಯಾಹಾರಿಗೆ ಇಲ್ಲಿ ದಪ್ಪಗಾಗುವುದು ಸುಲಭವಲ್ಲ. ತೊರ್ತೆಲ್ಲಿನಿ ಅಂತ ಪುಟ್ಟ ಪುಟ್ಟ ಕಡುಬು, ಹೊಕ್ಕುಳಿನ ಆಕಾರದ್ದು. ನೋಡಿದರೆ ಬಾಯಲ್ಲಿ ನೀರು. ಒಳಗೆ ಹಂದಿ ಮಾಂಸ, ಹೊರಗೆ ಮಾಂಸದ ಸಾರು. "ಸಾರು ಮಾತ್ರ ಕೊಡಿ, ಮಾಂಸ ಬೇಡ" ಅಂದು ಒಂದು ಹೋಟೆಲಿನಲ್ಲಿ ನಗೆಪಾಟಲಾದೆ. ಅದರ ದೊಡ್ಡಕ್ಕ ತೊರ್ತೆಲ್ಲೊನಿ ನನ್ನನ್ನು ಉಳಿಸಿದಳು. ಅದರಲ್ಲಿ ರಿಕೊತ್ತಾ ಚೀಸು, ಸೊಪ್ಪು. ಮೇಲೆ ಬೆಣ್ಣೆಯಲ್ಲಿ ಗರಿಗರಿಯಾಗಿ ಬಾಡಿಸಿದ ಸೇಜ್ ಎಲೆ. ಆ ಘಮ ಮೂಗಿಗೆ ಬಡಿದರೆ ಪರೀಕ್ಷೆಯೂ ಮರೆತುಹೋಗುತ್ತದೆ. ಉದುರಿಸುವ ಪಾರ್ಮಿಜಾನೊ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ ಅಂತ ಗೊತ್ತಾದದ್ದು ನಾಲ್ಕು ತಿಂಗಳ ಮೇಲೆ. ಆಮೇಲೆ ಏನು ಮಾಡಿದೆ ಅಂತ ಇಲ್ಲಿ ಬರೆಯುವುದಿಲ್ಲ. ಅಮ್ಮ ಓದುತ್ತಾಳೆ.

ಭಾನುವಾರ ಸುತ್ತಾಟ. ಅದಕ್ಕೆ ದುಡ್ಡು ಬೇಡ, ಚಪ್ಪಲಿ ಗಟ್ಟಿ ಇರಬೇಕು ಅಷ್ಟೇ. ಗುಡ್ಡದ ಮೇಲಿನ ಸಾನ್ ಲೂಕಾ ಇಗರ್ಜಿಗೆ ಊರ ಬಾಗಿಲಿಂದಲೇ ಜಗಲಿ ಹಾಕಿಬಿಟ್ಟಿದ್ದಾರೆ. 3.8 ಕಿಲೋಮೀಟರ್, 666 ಕಮಾನು. ಡಬ್ಬಿಯಲ್ಲಿ ಮೊಸರನ್ನ ಹಿಡಿದು ಹತ್ತಿದೆ. ಇನ್ನೂರರ ತನಕ ಕಮಾನು ಎಣಿಸಿದೆ, ಆಮೇಲೆ ಉಸಿರು ಎಣಿಸಿದೆ. ಊರ ನಡುವಿನ ಚೌಕದ ಪಕ್ಕ ಇನ್ನೊಂದು ಮೋಜು ಇದೆ. ಹಳೇ ಅರಮನೆಯ ಕೆಳಗಿನ ಕಮಾನಿನ ಒಂದು ಮೂಲೆಗೆ ಮುಖ ಮಾಡಿ ಪಿಸುಗುಟ್ಟಿದರೆ ಎದುರು ಮೂಲೆಯಲ್ಲಿ ಕೇಳಿಸುತ್ತದೆ. ಎಂಟನೇ ಕ್ಲಾಸಿನ ಪ್ರವಾಸದಲ್ಲಿ ಗೋಳಗುಮ್ಮಟದ ಒಳಗೆ ಕಿರುಚಿ ಮೇಷ್ಟ್ರ ಹತ್ತಿರ ಬೈಸಿಕೊಂಡಿದ್ದೆ. ಇಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲಗೆ "ಊಟ ಆಯ್ತಾ?" ಅಂದೆ. ಆ ಮೂಲೆಯಲ್ಲಿದ್ದ ಗೆಳತಿಗೆ ಕನ್ನಡ ಬಾರದು. ಆದರೂ "ಸೀ" ಅಂದಳು, ಅಂದರೆ ಹೌದು.

ಹತ್ತದೇ ಬಿಟ್ಟದ್ದು ಒಂದೇ, ಅಸಿನೆಲ್ಲಿ ಗೋಪುರ. ಸುಮಾರು 97 ಮೀಟರ್ ಎತ್ತರ, 498 ಮೆಟ್ಟಿಲು. ಓದು ಮುಗಿಯುವ ಮೊದಲು ಹತ್ತಿದ ವಿದ್ಯಾರ್ಥಿಗೆ ಡಿಗ್ರಿ ಸಿಗುವುದಿಲ್ಲ ಅಂತ ಇಲ್ಲಿಯವರ ನಂಬಿಕೆ. ಸುಮ್ನೆ ಯಾಕೆ ಅಂತ ನಾನೂ ಕಾದೆ. ಬದಲಿಗೆ ತಟ್ಟೆಯಲ್ಲೇ ಗೋಪುರ ತಿಂದೆ. ತಾಲ್ಯತೆಲ್ಲೆ ಅನ್ನುವ ಪಟ್ಟಿ ಪಾಸ್ತಾ ಬೆಂದಾಗ 8 ಮಿಲಿಮೀಟರ್ ಅಗಲ ಇರಬೇಕು ಅಂತ 1972ರಲ್ಲಿ ಇಲ್ಲಿನ ವಾಣಿಜ್ಯ ಸಂಸ್ಥೆಯಲ್ಲಿ ದಾಖಲೆ ಮಾಡಿಸಿದ್ದಾರೆ. ಅಂದರೆ ಈ ಗೋಪುರದ ಎತ್ತರದ 12,270ನೇ ಒಂದು ಭಾಗ ಅಂತ ಅವರದ್ದೇ ಲೆಕ್ಕ! ತಿಂದ ಪಟ್ಟಿಗಳನ್ನೆಲ್ಲ ಅಕ್ಕಪಕ್ಕ ಜೋಡಿಸಿದರೆ ಅರ್ಧ ಗೋಪುರವಾದರೂ ಆದೀತು.

ಅಕ್ಟೋಬರ್ 2023ರಲ್ಲಿ ಪಕ್ಕದ ಮೋಟು ಗೋಪುರ ಗರಿಸೆಂದಾ ವಾಲಿರುವುದು ಅಪಾಯ ಅಂತ ಎರಡನ್ನೂ ಮುಚ್ಚಿದರು. ಮರುವರ್ಷ ನನ್ನ ಡಿಗ್ರಿ ಮುಗಿಯಿತು. ಪದ್ಧತಿಯಂತೆ ಗೆಳತಿಯರು ತಲೆಗೆ ಲಾರೆಲ್ ಎಲೆಯ ಕಿರೀಟ ತೊಡಿಸಿದರು. ಅದನ್ನೇ ಇಟ್ಟುಕೊಂಡು ಬೇಲಿಯ ಈಚೆ ನಿಂತು ಗೋಪುರ ನೋಡುತ್ತಾ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. "ತಲೆ ಮೇಲೆ ಎಂತದೇ ಅದು, ಪಲಾವ್ ಎಲೆಯಾ?" ಅಂದಳು. ನಮ್ಮ ಪಲಾವ್ ಎಲೆ ಬೇರೆ ಮರದ್ದು, ಇದು ಅದರ ನೆಂಟ. ಆದರೂ ಮಾತು ತಲೆಯಲ್ಲಿ ಉಳಿಯಿತು. ಆ ರಾತ್ರಿ ರೂಮಿಗೆ ಬಂದು ಕಿರೀಟದಿಂದ ಎರಡು ಎಲೆ ಕಿತ್ತು, ತೊಳೆದು, ಒಗ್ಗರಣೆಗೆ ಹಾಕಿದೆ. ಪಲಾವ್ ಚೆನ್ನಾಗೇ ಬಂತು.