ಏಳು ಭಾಷೆಯ ನಾಡು, ಒಂದು ಪುಸ್ತಿಕೆ

ಮೊನ್ನೆ ಪೇಟೆಯಲ್ಲಿ ಯಾರೋ ಕೈಗೆ ಪ್ರವಾಸಿ ಪುಸ್ತಿಕೆ ತುರುಕಿದರು. ಕಾಸರಗೋಡು ಸಪ್ತಭಾಷೆಗಳ ಸಂಗಮಭೂಮಿ ಅಂತ ಮೊದಲ ಪುಟದಲ್ಲೇ ಹೊಗಳಿದ್ದಾರಂತೆ. 'ಅಂತೆ' ಯಾಕೆಂದರೆ ಪುಸ್ತಿಕೆ ಪೂರಾ ಮಲಯಾಳ. ಓದಿ ಹೇಳಿದ್ದು ಏಳನೇ ಕ್ಲಾಸಿನ ಮಗಳು. ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲ ಪಟ್ಟಿಯಲ್ಲಿವೆ ಅಪ್ಪ ಅಂದಳು. ಸಮಾಧಾನವಾಯಿತು.

ಚರಿತ್ರೆ ಚುಟುಕು. ಬೇಕಲ ಕೋಟೆ ಕೆಳದಿಯ ಶಿವಪ್ಪ ನಾಯಕನದು, ಆಮೇಲೆ ಹೈದರಾಲಿ, ಟಿಪ್ಪು, ಕಂಪೆನಿ. ಅಲ್ಲಿಂದ ಒಂದೇ ಜಿಗಿತಕ್ಕೆ 1984, ಜಿಲ್ಲೆ ಹುಟ್ಟಿತು. ನಡುವೆ ನಾವು ದಕ್ಷಿಣ ಕನ್ನಡದಲ್ಲಿ ಮಲಗಿ 1956ರ ನವೆಂಬರ್ 1ಕ್ಕೆ ಕೇರಳದಲ್ಲಿ ಎದ್ದದ್ದು, ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಹೋಗಲಿ ಅಂತ 1967ರಲ್ಲಿ ಗಡಿ ತಕರಾರಿನ ಮಹಾಜನ ಆಯೋಗ ಬರೆದದ್ದು ಇಲ್ಲ. ಪಾಪ, ಹೌಸ್‌ಬೋಟಿನ ಫೋಟೋಕ್ಕೆ ಜಾಗ ಬೇಕಲ್ವಾ. ಗೇರುಗುಡ್ಡೆಗಳ ಹಸಿರೂ ಇದೆ. ಅದರ ಮೇಲೆ ಎರಡು ದಶಕ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸುರಿದ ಹೆಲಿಕಾಪ್ಟರ್ ಮಾತ್ರ ಫೋಟೋದಲ್ಲಿ ಬಿದ್ದಿಲ್ಲ.

ಕೊನೆಯಲ್ಲಿ ಸುರಂಗ, ನೀರಿಗಾಗಿ ಗುಡ್ಡಕ್ಕೆ ಕೊರೆಯುವ ಅಡ್ಡ ಬಾವಿ. ನಮ್ಮ ಮನೆ ಹಿಂದೆಯೂ ಒಂದಿದೆ. ಅಜ್ಜ ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದದ್ದು. ಒಬ್ಬ ಬಗ್ಗಿ ಹೋಗುವಷ್ಟೇ ಅಗಲ. ಒಳಗೆ ದೀಪ ನಂದಿದರೆ ಉಸಿರಾಡಲು ಗಾಳಿ ಕಮ್ಮಿ ಅಂತ ಅರ್ಥ, ತಿರುಗಿ ಬರಬೇಕು. ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಕೆರೆಗೆ ಬೀಳುತ್ತಿತ್ತು.

ಅದನ್ನು ನೋಡಲು ಕಳೆದ ವಾರ ಒಬ್ಬರು ಸಾಹೇಬರು ಬಂದರು. ಬಾಯಲ್ಲಿ ನಿಂತು ಸೆಲ್ಫಿ ತೆಗೆದರು.

"ನೀರು ಬರ್ತದಾ?"

"ಮಾರ್ಚ್ ದಾಟಿದರೆ ಇಲ್ಲ ಸಾರ್. ಮೇಲಿನ ಗುಡ್ಡೆಯಲ್ಲಿ ಬೋರ್‌ವೆಲ್ ಆಗಿದೆ."

"ಹಾಗಾದರೆ ಬಹಳ ಒಳ್ಳೆಯದು ಮಾರಾಯ್ರೆ! ಪ್ರವಾಸಿಗರ ಶೂ ಒದ್ದೆಯಾಗುವುದಿಲ್ಲ."

ಅಜ್ಜ ಜೀವನಪೂರ್ತಿ ನೀರಿಗೆ ಕೊರೆದ. ಇಷ್ಟು ಸುಲಭದ ಲೆಕ್ಕ ಅವನಿಗೆ ಹೊಳೆಯಲೇ ಇಲ್ಲ.

ಹೋಗುವಾಗ ಒಂದು ಫಾರ್ಮ್ ಕೊಟ್ಟು, ತುಂಬಿಸಿ ಕಳಿಸಿ, ಮುಂದಿನ ಪುಸ್ತಿಕೆಯಲ್ಲಿ ನಿಮ್ಮ ಸುರಂಗವೂ ಬರ್ತದೆ ಅಂದರು. ಅದೂ ಮಲಯಾಳವೇ. ಮಗಳು ಜಗಲಿಯಲ್ಲಿ ಕೂತು ತುಂಬಿಸಿದಳು. ಒಂದು ಕಡೆ ಪೆನ್ನು ನಿಲ್ಲಿಸಿ ಕೇಳಿದಳು:

"ಅಪ್ಪ, ಬಂದವರಿಗೆ ಯಾವ ಭಾಷೆಯಲ್ಲಿ ವಿವರಿಸ್ತೀರಿ ಅಂತ ಉಂಟು."

"ಏಳೂ ಬರಿ."

"ಜಾಗ ಒಂದಕ್ಕೇ ಇರುವುದು."