ಕೌದಿ ಹೊಲಿಯೋಕೆ ಪ್ಯಾಟರ್ನ್ ಯಾಕೆ ಬೇಕು?

ಹಳೇ ಬಟ್ಟೆಯ ತುಂಡು ಜೋಡಿಸಿ, ಪದರ ಪದರವಾಗಿ ಹೊಲಿಯುವ ಹೊದಿಕೆ ಕೌದಿ. ಈಗ ಅದನ್ನು ಕಲಿಯುವುದಕ್ಕೂ ಕಿಟ್ ಬಂದಿದೆ. ನಾಲ್ಕು ಇಂಚಿನ ಚೌಕಗಳು, ಎಲ್ಲವೂ ಒಂದೇ ಅಳತೆಗೆ ಕತ್ತರಿಸಿದ್ದು. ಜೊತೆಗೆ ಯಾವ ಬಣ್ಣದ ಪಕ್ಕ ಯಾವ ಬಣ್ಣ ಬರಬೇಕು ಅಂತ ತೋರಿಸುವ ಚಾರ್ಟ್. ಗೆಳತಿಯೊಬ್ಬರು ಅದನ್ನು ತರಿಸಿಕೊಂಡರು. ಒಂದು ಬಣ್ಣದ ಚೌಕ ಕಡಿಮೆ ಬಿತ್ತು ಅಂತ ಕೆಲಸ ನಿಲ್ಲಿಸಿ ಕೂತಿದ್ದರು. ಅವರ ಕಪಾಟಿನಲ್ಲಿ ಹಳೆಯ ಕಾಟನ್ ಸೀರೆಗಳ ರಾಶಿಯೇ ಇದೆ. ಆದರೂ ಚಾರ್ಟಿನಲ್ಲಿರುವ ಬಣ್ಣವೇ ಬೇಕು ಅಂತ ಕಾಯುತ್ತಿದ್ದರು. ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ಕೌದಿ ಹುಟ್ಟಿದ್ದೇ ಮನೆಯಲ್ಲಿದ್ದ ಹಳೇ ಬಟ್ಟೆಯಿಂದ. ಇಲ್ಲದ ಬಟ್ಟೆಗಾಗಿ ಕೌದಿ ಕಾಯಬೇಕಾ?

ನಾನು ಧಾರವಾಡದ ಕಡೆಯವಳು. ನಮ್ಮ ಕಡೆ ಕೌದಿಗೆ ವಿನ್ಯಾಸ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಚೌಕ ಇತ್ತು, ತ್ರಿಕೋನ ಇತ್ತು, ಸುತ್ತಲೂ ಅಂಚು ಇತ್ತು. ಆದರೆ ಅದೆಲ್ಲ ಕೈಯಲ್ಲಿ ಮತ್ತು ಕಣ್ಣಲ್ಲಿ ಇತ್ತು. ಕಾಗದದಲ್ಲಿ ಇರಲಿಲ್ಲ. ಇಲಕಲ್ ಸೀರೆಯ ಸೆರಗು ಗಟ್ಟಿಯಿದ್ದರೆ ಅದು ಅಂಚಿಗೆ ಹೋಗುತ್ತಿತ್ತು. ಧೋತರ ನಡುವೆ ಸವೆದಿದ್ದರೆ ಆ ಭಾಗ ಒಳಪದರಕ್ಕೆ. 'ಎಷ್ಟು ಉದ್ದ ಕತ್ತರಿಸಲಿ?' ಅಂತ ಕೇಳಿದರೆ ನಮ್ಮವ್ವ 'ಅರಿವಿ ಎಷ್ಟದ ನೋಡು, ಅಷ್ಟ' ಅನ್ನುತ್ತಿದ್ದಳು. ಅದಕ್ಕಿಂತ ಒಳ್ಳೆಯ ಪಾಠ ಯಾವ ಕ್ಲಾಸಿನಲ್ಲೂ ನನಗೆ ಸಿಕ್ಕಿಲ್ಲ.

ಉತ್ತರ ಕನ್ನಡದಲ್ಲಿರುವ, ಆಫ್ರಿಕಾ ಮೂಲದ ಸಿದ್ದಿ ಹೆಣ್ಣುಮಕ್ಕಳ ಕವಂದಿ, ಅಂದರೆ ಅವರ ಕೌದಿ, ನೋಡಿದ್ದೀರಾ? ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಹೊಲಿಯುತ್ತಾರೆ. ನೋಡಿಲ್ಲದಿದ್ದರೆ ದಯವಿಟ್ಟು ನೋಡಿ. ನಾನು ಹೇಳಬೇಕೆಂದಿರುವುದು ಪೂರ್ತಿ ಅದರಲ್ಲಿದೆ.

ಅವರು ಹಿಂಬದಿಗೆ ಒಂದು ಸೀರೆ ಹಾಸುತ್ತಾರೆ. ಒಂದು ಮೂಲೆಯಿಂದ ಶುರು. ತುಂಡಿನ ಅಂಚನ್ನು ಬೆರಳಲ್ಲೇ ಮಡಚಿ, ಇಟ್ಟು, ಉದ್ದಕ್ಕೆ ಸಾದಾ ಹೊಲಿಗೆ ಹಾಕುತ್ತಾ ಹೋಗುತ್ತಾರೆ. ಒಂದು ತುಂಡು ಮುಗಿಯುವ ಹೊತ್ತಿಗೆ ಇನ್ನೊಂದು ತುಂಡು ಅದರ ಅಂಚಿಗೆ ಸೇರುತ್ತದೆ. ಅಂಚು ಹಿಡಿದು ಸುತ್ತು ಬಂದು, ಮತ್ತೆ ಅದರ ಒಳಗೆ ಇನ್ನೊಂದು ಸುತ್ತು. ಹೀಗೆ ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಯುತ್ತದೆ. ತುಂಡು ಜೋಡಿಸುವ ಕೆಲಸ ಮತ್ತು ಪದರ ಹಿಡಿಸುವ ಕೆಲಸ ಎರಡೂ ಒಂದೇ ಹೊಲಿಗೆಯಲ್ಲಿ ಆಗಿಬಿಡುತ್ತದೆ.

ಅಮೆರಿಕದಲ್ಲಿ ಇಂಥ ಹೊದಿಕೆಗೆ ಕ್ವಿಲ್ಟ್ ಅನ್ನುತ್ತಾರೆ. ಅಲ್ಲಿನ ಕ್ವಿಲ್ಟ್ ಪುಸ್ತಕಗಳ ಕ್ರಮ ಬೇರೆ. ಮೊದಲು ಮೇಲ್ಭಾಗವನ್ನು ಪೂರ್ತಿ ಜೋಡಿಸಬೇಕು. ಪ್ರತಿ ಜೋಡಣೆಗೂ ಕಾಲು ಇಂಚು ಬಟ್ಟೆ ಬಿಡಬೇಕು. ಆಮೇಲೆ ಮೂರು ಪದರ ಹಾಸಿ, ಕಚ್ಚಾ ಹೊಲಿಗೆ ಹಾಕಿ, ನಡುವಿನಿಂದ ಹೊರಗೆ ಹೊಲಿಯುತ್ತಾ ಬರಬೇಕು. ಸುಕ್ಕು ಅಂಚಿಗೆ ಸರಿಯಲಿ ಅಂತ ಹಾಗೆ. ಕವಂದಿಯಲ್ಲಿ ಇದು ಪೂರ್ತಿ ಉಲ್ಟಾ. ಹೊರಗಿನಿಂದ ಒಳಗೆ. ಹಾಗಿದ್ದರೂ ಸುಕ್ಕಾಗುವುದಿಲ್ಲ. ಯಾಕೆಂದರೆ ಮೇಲ್ಭಾಗ ಮೊದಲೇ ಜೋಡಿಸಿ ಇಟ್ಟಿದ್ದಲ್ಲ. ಕೈಯಿಂದ ಹಿಂಬದಿಯ ಸೀರೆ ಸವರಿ ಸವರಿ, ಆಗಿಂದಾಗ ತುಂಡು ಇಡುತ್ತಾ ಹೋಗುವುದು. ಬಟ್ಟೆ ಎಲ್ಲಿ ಸ್ವಲ್ಪ ಸಡಿಲ ಬಂತೋ ಅಲ್ಲೇ ಮುಂದಿನ ತುಂಡು ಅದನ್ನು ಸರಿಮಾಡುತ್ತದೆ. ಅಳತೆ ಮೊದಲೇ ಗೊತ್ತಿಲ್ಲದೇ ಇರುವುದೇ ಇಲ್ಲಿ ಕೆಲಸಕ್ಕೆ ಬರುತ್ತದೆ. ನಕ್ಷೆ ಹಿಡಿದು ಕೂತರೆ ಈ ವಿಧಾನ ನಡೆಯುವುದೇ ಇಲ್ಲ.

ಆದರೆ ಗಮನಿಸಿ, ಅವರಿಗೂ ಬಿಡಲಾಗದ ಕೆಲವು ಸಂಗತಿಗಳಿವೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಪುಟ್ಟ ಹೂವು ಇಡಬೇಕು. ಅದನ್ನು 'ಫುಲಾ' ಅನ್ನುತ್ತಾರೆ. ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಅನ್ನುವವರಿದ್ದಾರೆ. ನಡುವಿನ ಕೊನೆಯ ತುಂಡಿನ ಕೆಳಗೆ ನಾಲ್ಕು ಅಕ್ಕಿ ಕಾಳು ಇಡುವವರೂ ಇದ್ದಾರೆ. ಕ್ರೈಸ್ತ ಸಿದ್ದಿಗಳ ಕೆಲವು ಕವಂದಿಗಳಲ್ಲಿ ಶಿಲುಬೆ ಕಾಣುತ್ತದೆ, ಮುಸ್ಲಿಂ ಸಿದ್ದಿಗಳದರಲ್ಲಿ ಅರ್ಧಚಂದ್ರ. ಉಳಿದಿದ್ದೆಲ್ಲ ಹೊಲಿಯುವವಳ ಇಷ್ಟ. ಈ ಕವಂದಿಗಳು 2011ರಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿರುವ, ಕಪ್ಪು ಜನರ ಸಂಸ್ಕೃತಿಯ ಅಧ್ಯಯನಕ್ಕೆ ಮೀಸಲಾದ ಶೋಂಬರ್ಗ್ ಕೇಂದ್ರದವರೆಗೂ ಹೋಗಿ ಪ್ರದರ್ಶನಗೊಂಡವು. ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು, ಹೇಳಿ.

ಸ್ವಂತ ದಾರಿ ಅಂದರೆ ಹೇಗೆ ಬೇಕಾದರೂ ಹೊಲಿಯುವುದು ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಬಣ್ಣ, ತುಂಡಿನ ಅಳತೆ, ಸಾಲಿನ ಜೋಡಣೆ, ಒಟ್ಟು ಗಾತ್ರ ಇವೆಲ್ಲ ನಿಮ್ಮವು. ಚಾರ್ಟ್ ಏನಾದರೂ ಹೇಳಿಕೊಳ್ಳಲಿ. ಆದರೆ ಹೊಸ ಬಟ್ಟೆಯನ್ನು ಒಗೆಯದೆ ಸೇರಿಸಬೇಡಿ, ಅದು ಆಮೇಲೆ ಕುಗ್ಗುತ್ತದೆ, ಬಣ್ಣ ಬಿಡುತ್ತದೆ. ಮೆತ್ತಗೆ ಸವೆದ ಕಾಟನ್ ಪಕ್ಕ ಒರಟು ಜೀನ್ಸ್ ಇಟ್ಟರೆ ಹರಿಯುವುದು ಕಾಟನ್ನೇ. ಹೊಲಿಗೆ ಸಾಲುಗಳ ನಡುವೆ ಬೆರಳಿನ ಅಗಲಕ್ಕಿಂತ ಜಾಸ್ತಿ ಬಿಡಬೇಡಿ. ಸಾಲು ವಿರಳವಾದರೆ ಒಳಗಿನ ಹಳೇ ಬಟ್ಟೆ ಒಗೆಯುವಾಗ ಗಂಟು ಕಟ್ಟುತ್ತದೆ. ಇವು ಬಟ್ಟೆಯ ಗುಣ. ಇವನ್ನು ಯಾವ ಪುಸ್ತಕವೂ ಮಾಡಿದ್ದಲ್ಲ, ಹಾಗಾಗಿ ಬಿಡಲು ಬರುವುದೂ ಇಲ್ಲ.

ಪ್ಯಾಟರ್ನ್ ನೋಡಲೇಬಾರದು ಅಂತಲೂ ನನ್ನ ಮಾತಲ್ಲ. ನನಗೆ ಲಾಗ್ ಕ್ಯಾಬಿನ್ ಅನ್ನುವ ವಿನ್ಯಾಸ ತುಂಬಾ ಇಷ್ಟ. ನಡುವೆ ಒಂದು ಚೌಕ, ಸುತ್ತಲೂ ಪಟ್ಟಿ ಮೇಲೆ ಪಟ್ಟಿ. ನಾನು ಅದರ ಚಿತ್ರ ಮಾತ್ರ ತೆಗೆದುಕೊಂಡೆ. ಅಳತೆ ತೆಗೆದುಕೊಳ್ಳಲಿಲ್ಲ. ಸೀರೆಯ ಅಂಚು ಎಷ್ಟು ಅಗಲ ಇತ್ತೋ ನನ್ನ ಪಟ್ಟಿಯೂ ಅಷ್ಟೇ. ಚೌಕ ಸೊಟ್ಟಗಾದ ಕಡೆ ಮುಂದಿನ ಪಟ್ಟಿಯನ್ನು ಒಂದು ಬದಿಗೆ ದಪ್ಪ, ಇನ್ನೊಂದು ಬದಿಗೆ ಸಣ್ಣ ಮಾಡಿ ನೇರ ಮಾಡಿಕೊಳ್ಳುತ್ತೇನೆ. ಆ ಸೊಟ್ಟದಿಂದಲೇ ಅದು ಕುಣಿಯುವ ಹಾಗೆ ಕಾಣುತ್ತದೆ.

ಇದೇ ಕೆಲಸವನ್ನು ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಣ್ಣುಮಕ್ಕಳು ತಲೆಮಾರುಗಳಿಂದ ಮಾಡಿದ್ದಾರೆ. ನದಿಯ ತಿರುವಿನ ಒಳಗೆ ಸಿಕ್ಕಿಕೊಂಡ ಊರು. ಗುಲಾಮರಾಗಿದ್ದವರ ವಂಶದವರು. ಕೈಯಲ್ಲಿ ಕಾಸಿಲ್ಲ, ಹೊಸ ಬಟ್ಟೆಯ ಮಾತು ದೂರ. ಹತ್ತಿ ಹೊಲದಲ್ಲಿ ತೊಟ್ಟು ಸವೆದ ಬಟ್ಟೆಯೇ ಬಂಡವಾಳ. ಮಿಸ್ಸೂರಿ ಪೆಟ್‌ವೇ ಎಂಬಾಕೆ 1942ರಲ್ಲಿ, ಗಂಡ ತೀರಿಕೊಂಡ ಮೇಲೆ, ಆತನ ಕೆಲಸದ ಬಟ್ಟೆಗಳನ್ನೇ ಕತ್ತರಿಸಿ ಕ್ವಿಲ್ಟ್ ಮಾಡಿದರು. ನೆನಪಿಗೆ, ಹೊದೆಯಲಿಕ್ಕೆ. ಅದಕ್ಕೆ ಯಾವ ಪುಸ್ತಕ ಅಳತೆ ಕೊಡುತ್ತದೆ?

ಆ ಊರಿನ ಕಥೆಯಲ್ಲಿ ನಮಗೆ ಬೇಕಾದ ಇನ್ನೊಂದು ವಿಷಯ ಇದೆ. 1966ರಲ್ಲಿ ಅಲ್ಲಿನ ಹೆಣ್ಣುಮಕ್ಕಳು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘ ಕಟ್ಟಿದರು. ದೊಡ್ಡ ದೊಡ್ಡ ಅಂಗಡಿಗಳಿಂದ ಆರ್ಡರ್ ಬಂತು. ದುಡ್ಡು ಬಂತು, ಅದು ಬೇಕಾಗಿಯೂ ಇತ್ತು. ಆದರೆ ಅಂಗಡಿಗೆ ಪ್ರತಿಯೊಂದೂ ಒಂದೇ ಥರ ಬೇಕು. 1972ರಲ್ಲಿ ಸಿಯರ್ಸ್ ಕಂಪನಿಗೆ ಕಾರ್ಡುರಾಯ್ ಎಂಬ ಗೀರುಗೀರಾದ ದಪ್ಪ ಬಟ್ಟೆಯ ದಿಂಬಿನ ಕವರ್ ಹೊಲಿಯುವ ಕೆಲಸ ಸಿಕ್ಕಿತು. ಉಳಿದ ಚೂರುಗಳನ್ನು ಅವರು ಮನೆಗೆ ಒಯ್ದರು. ಅವುಗಳಿಂದ ತಮ್ಮ ಇಷ್ಟದ ಹಾಗೆ ಕ್ವಿಲ್ಟ್ ಹೊಲಿದರು. ಇಂಥ ಮನೆಬಳಕೆಯ ಕ್ವಿಲ್ಟ್‌ಗಳೇ 2002ರಲ್ಲಿ ಹ್ಯೂಸ್ಟನ್ ಮ್ಯೂಸಿಯಂ ಸೇರಿ, ಅಲ್ಲಿಂದ ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂಗೆ ಹೋದವು. 2006ರಲ್ಲಿ ಅಮೆರಿಕದ ಅಂಚೆ ಚೀಟಿಯ ಮೇಲೂ ಬಂದವು.

ನಮ್ಮ ಕೌದಿಗೂ ಈಗ ಅದೇ ಆರ್ಡರಿನ ಕಾಲ. ಫೋನಿನಲ್ಲಿ ಒಂದು ಫೋಟೋ ಕಳಿಸಿ, ಇದೇ ಥರ ಬೇಕು, ಇದೇ ಬಣ್ಣ, ಹತ್ತು ಪೀಸ್ ಅನ್ನುತ್ತಾರೆ. ಹೊಲಿಯುವ ಅಕ್ಕಂದಿರು ಇಲ್ಲ ಅನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಮನೆ ನಡೆಯಬೇಕಲ್ವಾ. ಅವರಿಗೆ ನಾನು ಏನೂ ಹೇಳಲಾರೆ. ನನ್ನ ಮಾತೆಲ್ಲ ಕೊಳ್ಳುವ ನಮಗೆ. ಉದ್ದ ಅಗಲ ಹೇಳಿ, ಅದು ನ್ಯಾಯ, ಮಂಚಕ್ಕೆ ಆಗಬೇಕು. ಮಗುವಿಗೋ ದೊಡ್ಡವರಿಗೋ ಹೇಳಿ. ನಿಮ್ಮ ಮನೆಯ ಹಳೇ ಸೀರೆಗಳನ್ನು ಒಗೆದು ಕೊಡಿ. ಬಾಕಿಯದ್ದನ್ನು ಅವರಿಗೆ ಬಿಡಿ. ಕೆಂಪಿನ ಪಕ್ಕ ಹಸಿರು ಬಂದರೆ ಬರಲಿ, ನಿಮ್ಮ ಗೋಡೆಯ ಬಣ್ಣಕ್ಕೆ ಹೊಂದದೇ ಇದ್ದರೂ ಇರಲಿ. ಮತ್ತೆ, ಹಾಗೆ ಬಿಟ್ಟಿದ್ದಕ್ಕೆ ಕೂಲಿ ಕಡಿಮೆ ಮಾಡಬೇಡಿ. ನಕಲು ಮಾಡುವುದಕ್ಕಿಂತ ಯೋಚಿಸಿ ಹೊಲಿಯುವುದಕ್ಕೆ ಸಮಯ ಜಾಸ್ತಿ ಹಿಡಿಯುತ್ತದೆ.

ಮೂಲೆಯ ವಿಷಯ ನನಗೆ ಇನ್ನೂ ತಿಳಿಯುವ ಆಸೆ. ನಿಮ್ಮ ಊರ ಕಡೆ ಕೌದಿಯ ಮೂಲೆಯನ್ನು ಹೇಗೆ ಮುಗಿಸುತ್ತಾರೆ? ಮಡಚುತ್ತಾರಾ, ಬೇರೆ ತುಂಡು ಇಡುತ್ತಾರಾ, ಗೊಂಡೆ ಕಟ್ಟುತ್ತಾರಾ? ಮನೆಯಲ್ಲಿ ಹಳೇ ಕೌದಿ ಇದ್ದರೆ ಮೂಲೆಯ ಫೋಟೋ ಹಾಕಿ, ಯಾವ ಊರು ಅಂತ ಬರೆಯಿರಿ.